ಗಾಲಿಯ ಮಸಿ

ಉಮರ್ಗಾ, ನಿಲಂಗಾ, ಉದಗೀರಗಳ ನಡುವೆ ಮೋಟಾರಿನಲ್ಲಿ ಓಡಾಡುವವರಿಗೆ ಎರಡು ಬಗೆಯ ಕಪ್ಪಿನ ಪರಿಚಯವಾಗದೆ ಇರದು. ಒಂದು ನಮ್ಮ ಎರೆಮಣ್ಣಿನ ಕಪ್ಪು. ಅದು ಮಳೆಗಾಲದಲ್ಲಿ ಕೆಸರಾಗಿ ಅಂಟುತ್ತದೆ, ಬೇಸಗೆಯಲ್ಲಿ ಧೂಳಾಗಿ ಏರುತ್ತದೆ. ಆದರೂ ನಾಲ್ಕು ತಂಬಿಗೆ ನೀರು ಬಿದ್ದೊಡನೆ ಇಳಿದುಹೋಗುತ್ತದೆ. ಇನ್ನೊಂದು ಗಾಲಿಯ ನಡುವಿನ ಲೋಹಕ್ಕೆ ಹತ್ತಿದ ಮಸಿ. ಇದು ನೀರಿಗೂ ಬಗ್ಗದು, ಬಟ್ಟೆಗೂ ಬಗ್ಗದು. ಮೊದಲನೆಯದು ಹಾದಿ ಕೊಟ್ಟ ಕೊಳೆ. ಎರಡನೆಯದು ಗಾಡಿಯು ತಾನೇ ಸವೆದು ಉದುರಿಸಿದ ಪುಡಿ. ಈ ಭೇದವನ್ನು ಅರಿಯದೆ ತೊಳೆಯಹೊರಟವರು ಗಾಲಿಯನ್ನೂ ಕೆಡಿಸುತ್ತಾರೆ, ಕೈಯನ್ನೂ ಕೆಡಿಸಿಕೊಳ್ಳುತ್ತಾರೆ.

ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಯೊಂದಿದೆ. ಅದನ್ನು ಡಿಸ್ಕು ಎನ್ನುತ್ತಾರೆ. ನಾವು ಬ್ರೇಕು ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಇಕ್ಕಡೆಯಿಂದಲೂ ಅಮುಕುತ್ತವೆ. ಓಟದ ಶಕ್ತಿಯೆಲ್ಲ ಉಷ್ಣವಾಗಿ ಮಾರ್ಪಟ್ಟು ಗಾಡಿ ನಿಲ್ಲುತ್ತದೆ. ಆ ತಿಕ್ಕಾಟದಲ್ಲಿ ಪ್ಯಾಡೂ ಸವೆಯುತ್ತದೆ, ತಟ್ಟೆಯೂ ಸವೆಯುತ್ತದೆ. ಉದುರಿದ ಬಿಸಿಕಣಗಳು ಗಾಲಿಯ ಮೇಲಿನ ವಾರ್ನಿಶಿಗೆ ಕಚ್ಚಿಕೊಳ್ಳುತ್ತವೆ. ಅವುಗಳಲ್ಲಿ ಕಬ್ಬಿಣವಿರುವುದರಿಂದ ಇಬ್ಬನಿಯೋ ಮಳೆಯೋ ತಗಲಿದೊಡನೆ ತುಕ್ಕು ಹಿಡಿದು, ಉಬ್ಬಿ, ಇನ್ನೂ ಬಿಗಿಯಾಗಿ ಬೇರೂರುತ್ತವೆ. ವಾರದ ಮಸಿ ಕಪ್ಪಗಿದ್ದರೆ ಆರು ತಿಂಗಳ ಮಸಿ ಕಂದಾಗಿರುವುದು ಈ ಕಾರಣದಿಂದ.

ಮುಂದಿನ ಗಾಲಿಗಳೇ ಏಕೆ ಹೆಚ್ಚು ಮಸಿಯಾಗುತ್ತವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಎಸ್. ಟಿ. ಬಸ್ಸಿನ ಚಾಲಕನು ಥಟ್ಟನೆ ಬ್ರೇಕು ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುವುದನ್ನು ನೆನೆದರೆ ಸಾಕು. ಹಾಗೆಯೇ ಗಾಡಿಯ ಭಾರವೂ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಹೊರೆಯ ಬಹುಪಾಲು ಮುಂಗಾಲಿಗಳ ಪಾಲಿಗೆ ಬರುತ್ತದೆ. ಅಲ್ಲದೆ ಅನೇಕ ಸಣ್ಣ ಕಾರುಗಳಲ್ಲಿ ಹಿಂದಿನ ಬ್ರೇಕು ಡ್ರಮ್ಮಿನೊಳಗೆ ಇರುವುದರಿಂದ ಅಲ್ಲಿಯ ಪುಡಿ ಬಹುಮಟ್ಟಿಗೆ ಒಳಗೇ ಉಳಿಯುತ್ತದೆ.

ಉಮರ್ಗಾದ ಬಳಿ ಸೋಲಾಪುರ-ಹೈದರಾಬಾದ ಹೆದ್ದಾರಿಯ ಬದಿಯಲ್ಲಿ ಗಾಡಿ ತೊಳೆಯುವ ಒಂದು ಜಾಗವಿದೆ. ಅಲ್ಲಿ ದುಡಿಯುವ ತರುಣನೊಬ್ಬ ಏಳನೆಯ ಇಯತ್ತೆಯವರೆಗೆ ನನ್ನ ಬಳಿ ಕನ್ನಡದಲ್ಲಿ ಓದಿದವನು. ಒಂದು ದಿನ ಅವನು ನನ್ನ ಗಾಡಿಯ ಗಾಲಿಯನ್ನು ನೋಡಿ, "ಸರ್, ಇದು ಸಾದಾ ನೀರಿಗಿ ಹೋಗಲ್ರಿ, ಆಸಿಡ್ಡೇ ಹಾಕಬೇಕ್ರಿ" ಎಂದು ಬಾಟಲಿಯನ್ನು ಎತ್ತಿಕೊಂಡ. ಬರಿಗೈ. ಬೆರಳುಗಳ ಸಂದಿನಲ್ಲಿ ಚರ್ಮ ಸುಲಿದು ಬಿಳಿಚಿತ್ತು. ಬಾಟಲಿಯ ಮೇಲೆ ಎಚ್ಚರಿಕೆಯ ಮಾತುಗಳು ಸಾಲುಗಟ್ಟಿದ್ದವು. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಸರಿದರೂ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿಯಿತು, ಪೇಟೆಯಲ್ಲಿ ಮರಾಠಿ ಬಂದಿತು. ಬಾಟಲಿಯ ಮಾತು ಮಾತ್ರ ಎರಡೂ ಅಲ್ಲ. ಎರಡು ಭಾಷೆ ಬಲ್ಲವನೂ ಅದರ ಮುಂದೆ ಅನಕ್ಷರಸ್ಥನೇ!

"ತಮ್ಮಾ, ಅದನ್ನು ಅತ್ತ ಇಡು" ಎಂದೆ. ಬಲವಾದ ಆಮ್ಲವು ಮಸಿಯೊಡನೆ ವಾರ್ನಿಶನ್ನೂ ತಿನ್ನುತ್ತದೆ. ವಾರ್ನಿಶು ಹೋದೆಡೆ ಅಲ್ಯುಮಿನಿಯಮ್ಮಿಗೆ ಮಬ್ಬು ಕವಿಯುತ್ತದೆ, ಆ ಮಬ್ಬು ಮತ್ತೆ ತೊಳೆದು ಹೋಗುವಂಥದಲ್ಲ. ಆ ದಿನ ನಾವಿಬ್ಬರೂ ಬೇರೆ ದಾರಿ ಹಿಡಿದೆವು. ಗಾಡಿಯನ್ನು ನೆರಳಿಗೆ ತಂದು ಗಾಲಿ ಆರುವವರೆಗೆ ಕಾದೆವು. ಕಾದ ಲೋಹದ ಮೇಲೆ ಯಾವ ದ್ರವವಾದರೂ ಬೇಗ ಒಣಗಿ ಕಲೆ ಕಟ್ಟುತ್ತದೆ. ಮೊದಲು ನೀರು ಹಾಕಿ ಸಡಿಲ ಮಣ್ಣನ್ನು ಇಳಿಸಿದೆವು. ಮಣ್ಣಿನ ಮೇಲೆಯೇ ತಿಕ್ಕಿದರೆ ಅದು ಉಸುಕು ಕಾಗದದಂತೆ ಗೀರುತ್ತದೆ. ಅನಂತರ ಗಾಡಿ ತೊಳೆಯುವ ಸೌಮ್ಯವಾದ ಶಾಂಪೂ, ಮೆತ್ತನೆಯ ಬ್ರಷ್ಷು, ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಗಾಲಿಯ ಬಕೀಟು, ಬಟ್ಟೆಗಳು ಬೇರೆಯೇ ಇರಬೇಕು. ಅವುಗಳಿಂದ ಗಾಡಿಯ ಮೈ ಒರೆಸಿದರೆ ಕಬ್ಬಿಣದ ಪುಡಿ ಬಣ್ಣವನ್ನು ಗೀಚುತ್ತದೆ.

ಆಮೇಲೂ ಉಳಿದ ಕಂದು ಚುಕ್ಕೆಗಳಿಗಾಗಿ, ಆಮ್ಲವಲ್ಲದೆ, ಕಬ್ಬಿಣವನ್ನಷ್ಟೇ ಹಿಡಿಯುವ ತಯೊಗ್ಲೈಕೊಲೇಟ್ ಎಂಬ ಲವಣದ ದ್ರಾವಣವಿದೆ. ಅದನ್ನು ಸಿಂಪಡಿಸಿದ ಕೆಲವು ನಿಮಿಷಗಳಲ್ಲಿ ಗಾಲಿಯಿಂದ ನೇರಳೆ ಬಣ್ಣದ ನೀರು ಇಳಿಯತೊಡಗುತ್ತದೆ. ಕಚ್ಚಿದ ಕಬ್ಬಿಣ ಕರಗಿತೆಂಬುದಕ್ಕೆ ಆ ಬಣ್ಣವೇ ಸಾಕ್ಷಿ. ಇದೂ ಚರ್ಮಕ್ಕೆ ಒಗ್ಗದ ವಸ್ತು, ವಾಸನೆಯೂ ಕಟು. ಆದುದರಿಂದ ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು, ದ್ರಾವಣ ಒಣಗುವ ಮೊದಲೇ ನೀರಿನಿಂದ ತೊಳೆಯಬೇಕು. ಕೊನೆಗೆ ಗಾಡಿಯನ್ನು ಮೆಲ್ಲಗೆ ಓಡಿಸಿ ನಾಲ್ಕಾರು ಬಾರಿ ಬ್ರೇಕು ಒತ್ತಿದರೆ ತಟ್ಟೆಯ ತೇವ ಆರುತ್ತದೆ. ನೇರಳೆ ನೀರನ್ನು ಕಂಡು ಆ ತರುಣನು ಬೆರಗಾದುದು ಪಾಠದ ದಿನಗಳಲ್ಲಿಯೂ ನಾನು ಕಾಣದ ಬೆರಗು.

ಇನ್ನೊಂದು ಮಾತನ್ನು ಅವನಿಗೆ ಒತ್ತಿ ಹೇಳಿದೆ: ಒಣ ಪುಡಿಗೆ ಹವಾ ಹೊಡೆಯಬೇಡ. ಹಳೆಯ ಗಾಡಿಗಳ ಬ್ರೇಕ್ ಲೈನರುಗಳಲ್ಲಿ ಕಲ್ನಾರು, ಅಂದರೆ ಅಸ್‌ಬೆಸ್ಟಾಸು, ಸೇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ದಶಕಗಳ ತರುವಾಯ ಕ್ಯಾನ್ಸರಾಗಿ ತಲೆಯೆತ್ತಬಲ್ಲವು. ಕಲ್ನಾರಿಲ್ಲದ ಪುಡಿಯೂ ಉಸಿರಿಗೆ ಹಿತವಲ್ಲ. ಹೊಗೆಯ ಕೊಳವೆಯನ್ನಷ್ಟೇ ಅಳೆಯುತ್ತಿದ್ದ ಯುರೋಪು 2024ರಲ್ಲಿ ಯುರೋ 7 ನಿಯಮವನ್ನು ಅಂಗೀಕರಿಸಿ, ಬ್ರೇಕಿನ ಸೂಕ್ಷ್ಮಕಣಗಳಿಗೂ ಮಿತಿ ಹಾಕಿತು; ಸಾಮಾನ್ಯ ಪೆಟ್ರೋಲು ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ. ಪುಡಿಯನ್ನು ಒದ್ದೆ ಮಾಡಿ ಒರೆಸುವುದಕ್ಕೆ ಯಾವ ನಿಯಮವೂ ಬೇಕಾಗಿಲ್ಲ, ಒಂದು ಹಸಿ ಬಟ್ಟೆ ಸಾಕು.

ನೀರಿನ ಮಾತು ಬಂದಾಗ ನಮ್ಮ ಸೀಮೆಯವರು ಒಂದು ಕ್ಷಣ ಸುಮ್ಮನಾಗುತ್ತೇವೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದುದನ್ನು ಕಂಡವರು ನಾವು. ಗಾಲಿಯ ಹೊಳಪಿಗಾಗಿ ಕೊಳವೆ ಬಿಟ್ಟು ನೀರು ಹರಿಸುವುದು ಇಲ್ಲಿ ಶೋಭಿಸದು. ವಾರಕ್ಕೊಮ್ಮೆ ಅರ್ಧ ಬಕೀಟಿನಲ್ಲಿ ಒರೆಸುವವನಿಗೆ ಆರು ತಿಂಗಳಿಗೊಮ್ಮೆ ಹತ್ತು ಬಕೀಟು ಸುರಿಯುವ ಪ್ರಸಂಗ ಬಾರದು; ಬೇರೂರದ ಮಸಿಗೆ ದ್ರಾವಣವೂ ಬೇಡ.

ಮರುವಾರ ನಾನು ಬಾಟಲಿಯ ಎಚ್ಚರಿಕೆಗಳನ್ನು ಕನ್ನಡಕ್ಕೆ ಇಳಿಸಿ ಒಂದು ರಟ್ಟಿನ ಮೇಲೆ ಬರೆದೆ. ಜತೆಯ ಕೆಲಸಗಾರರಿಗಾಗಿ ಅದರ ಕೆಳಗೆ ಮರಾಠಿಯಲ್ಲಿ ಬರೆದವನು ಆ ತರುಣನೇ. ಅಕ್ಷರಗಳು ಡೊಂಕಾಗಿದ್ದರೂ ಅರ್ಥ ನೆಟ್ಟಗಿತ್ತು. ಆ ರಟ್ಟು ನೀರಿನ ಟಾಕಿಯ ಬಳಿ ತೂಗುತ್ತಿದೆ; ಅದರ ಪಕ್ಕದ ಮೊಳೆಗೆ ಈಗ ಒಂದು ಜೊತೆ ರಬ್ಬರಿನ ಕೈಗವಸೂ ತೂಗುತ್ತಿದೆ.