ಓಕಿತಾ ಅವರ ಲೆಕ್ಕ

ಜುಲೈ 8, ಸೋಮವಾರ

ಎರಡನೇ ಬಿ.ಎ. ತರಗತಿಯಲ್ಲಿ ಇವತ್ತು ಜಪಾನಿನ 1960ರ ಆದಾಯ ದುಪ್ಪಟ್ಟು ಯೋಜನೆ. ಹತ್ತು ವರ್ಷದಲ್ಲಿ ದೇಶದ ಆದಾಯ ಎರಡರಷ್ಟಾಗಲು ವರ್ಷಕ್ಕೆ ಶೇ 7.2ರ ಬೆಳವಣಿಗೆ ಸಾಕು ಎಂದೆ. ‘ಶೇ 10 ಬೇಕಲ್ವಾ ಸಾರ್?’ ಎಂದಳು ಹಿಂದಿನ ಬೆಂಚಿನ ಹುಡುಗಿ. ಅವಳ ಕೈಗೇ ಸೀಮೆಸುಣ್ಣ ಕೊಟ್ಟು ನೂರರಿಂದ ಶುರುಮಾಡಿಸಿದೆ. 107.2, 114.9, 123.2... ಹತ್ತನೇ ಸಾಲಿಗೆ 200.4 ಬಂತು. ಅವಳ ಮುಖ ಅರಳಿತು.

ಚಕ್ರಬಡ್ಡಿಯ ಈ ಲೆಕ್ಕವನ್ನು ಜನರ ಮುಂದಿಟ್ಟು ಆಸೆ ಹುಟ್ಟಿಸಿದವರು ಪ್ರಧಾನಿ ಇಕೆದಾ ಹಯಾತೊ. ಯೋಜನೆಯನ್ನು ರೂಪಿಸಿದವರಲ್ಲಿ ಮುಖ್ಯರು ಆರ್ಥಿಕ ಯೋಜನಾ ಸಂಸ್ಥೆಯ ಅಧಿಕಾರಿ ಸಬುರೊ ಓಕಿತಾ. ಬೆಳವಣಿಗೆ ಶೇ 10ನ್ನು ದಾಟಿ, ಆದಾಯ ಸುಮಾರು ಏಳೇ ವರ್ಷದಲ್ಲಿ ದುಪ್ಪಟ್ಟಾಯಿತು.

ಜುಲೈ 10, ಬುಧವಾರ

ಓಕಿತಾ ಓದಿದ್ದು ವಿದ್ಯುತ್ ಎಂಜಿನಿಯರಿಂಗ್. ಯುದ್ಧ ಮುಗಿಯುವ ಮೊದಲೇ, ಸೋತ ಮೇಲೆ ದೇಶ ಬದುಕುವುದು ಹೇಗೆ ಎಂದು ಚರ್ಚಿಸಲು ಗೆಳೆಯರೊಂದಿಗೆ ಸೇರಿ ಒಂದು ಅಧ್ಯಯನ ಗುಂಪು ಕಟ್ಟಲು ಹೊರಟಿದ್ದರು. ಅದರ ಮೊದಲ ಸಭೆ ನಡೆದದ್ದು 1945ರ ಆಗಸ್ಟ್ 16ರಂದು, ಚಕ್ರವರ್ತಿಯ ಶರಣಾಗತಿಯ ಮಾತು ರೇಡಿಯೊದಲ್ಲಿ ಬಂದ ಮರುದಿನ! ಸುತ್ತ ಸುಟ್ಟ ಟೋಕಿಯೊ, ಊಟಕ್ಕೂ ಪರದಾಟ. ಅಂಥ ಹೊತ್ತಿನಲ್ಲಿ ಕೂತು ಕೈಗಾರಿಕೆ, ತಾಂತ್ರಿಕ ಶಿಕ್ಷಣ, ವಿದೇಶಿ ವ್ಯಾಪಾರದ ಮಾತಾಡಿದವರ ಬಗ್ಗೆ ನನಗೆ ಅಪಾರ ಗೌರವ. 1946ರಲ್ಲಿ ಅವರ ವರದಿ ಸಿದ್ಧವಾಯಿತು.

ಜುಲೈ 14, ಭಾನುವಾರ

ಬೆಳಗಿನಿಂದ ಓಕಿತಾರ ವಿದೇಶಾಂಗ ಸಚಿವಗಿರಿಯದ್ದೇ ಓದು. 1979ರ ನವೆಂಬರ್‌ನಲ್ಲಿ ಪ್ರಧಾನಿ ಓಹಿರಾ, ಸಂಸತ್ ಸದಸ್ಯರೇ ಅಲ್ಲದ ಓಕಿತಾರನ್ನು ಆ ಹುದ್ದೆಗೆ ಕರೆತಂದರು. ಅದಕ್ಕೆ ಕೆಲವೇ ದಿನ ಹಿಂದೆ ಟೆಹರಾನಿನಲ್ಲಿ ಅಮೆರಿಕದ ರಾಯಭಾರ ಕಚೇರಿಯ ಸಿಬ್ಬಂದಿ ಒತ್ತೆಯಾಳಾಗಿದ್ದರು. ಅಮೆರಿಕ ಇರಾನಿನ ತೈಲ ಬೇಡವೆಂದಿತು; ಆ ತೈಲವನ್ನು ಜಪಾನಿನ ಕಂಪನಿಗಳು ದುಬಾರಿ ಬೆಲೆ ಕೊಟ್ಟು ಎತ್ತಿಕೊಂಡವು. ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ವಿದೇಶಾಂಗ ಸಚಿವ ಸೈರಸ್ ವ್ಯಾನ್ಸ್ ಇದನ್ನು ಓಕಿತಾರ ಎದುರಿಗೇ ಕಟುವಾಗಿ ಆಕ್ಷೇಪಿಸಿದರು.

ನನ್ನನ್ನು ಕಾಡುವುದು ಇದೇ. ಅರವತ್ತರ ದಶಕದ ಆ ಓಟಕ್ಕೆ ಇಂಧನವಾದದ್ದು ಕೊಲ್ಲಿಯಿಂದ ಅಗ್ಗಕ್ಕೆ ಬಂದ ತೈಲ. ಯೋಜನೆ ಬರೆದ ಕೈಯೇ ಇಪ್ಪತ್ತು ವರ್ಷದ ನಂತರ ಅದರ ಬಾಕಿ ತೀರಿಸಬೇಕಾಯಿತು, ಅದೂ ಗೆಳೆಯ ದೇಶದ ಮುಂದೆ. ಕೇವಲ ರಾಜತಾಂತ್ರಿಕನಾಗಿದ್ದವನಿಗೆ ಅದು ಮಾನದ ಪ್ರಶ್ನೆಯಾಗಿ ಕಾಣುತ್ತಿತ್ತು. ಓಕಿತಾರಿಗೆ ಪ್ರತಿ ಪೀಪಾಯಿಯ ಹಿಂದಿನ ಕಾರ್ಖಾನೆಯೂ ಗೊತ್ತಿತ್ತು. 1980ರ ಏಪ್ರಿಲ್‌ನಲ್ಲಿ ಇರಾನ್ ಪೀಪಾಯಿಗೆ 35 ಡಾಲರ್ ಕೇಳಿದಾಗ ಜಪಾನ್ ಒಲ್ಲೆನೆಂದಿತು. ಇರಾನ್ ಸರಬರಾಜು ನಿಲ್ಲಿಸಿತು. ದೇಶ ಎಷ್ಟು ಕೊರತೆ ತಾಳಬಲ್ಲದು ಎಂಬ ಅಂದಾಜಿಲ್ಲದೆ ಹಾಗೆ ಬೇಡವೆನ್ನಲಾಗದು ಎಂದು ನನ್ನ ನಂಬಿಕೆ.

ಜೂನ್‌ನಲ್ಲಿ ಓಹಿರಾ ತೀರಿಕೊಂಡರು, ಜುಲೈಗೆ ಓಕಿತಾ ಹುದ್ದೆ ಬಿಟ್ಟರು. ವರ್ಷವೂ ತುಂಬಿರಲಿಲ್ಲ.

ಜುಲೈ 15, ಸೋಮವಾರ

ತರಗತಿಯಲ್ಲಿ ಹೇಳಲೇಬೇಕಾದದ್ದು ಇನ್ನೊಂದಿತ್ತು. ಯೋಜನೆಗೆ ಸಂಪುಟದ ಒಪ್ಪಿಗೆ ಸಿಕ್ಕ 1960ರಲ್ಲೇ ಮಿಯಿಕೆ ಕಲ್ಲಿದ್ದಲು ಗಣಿಯಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರ ವಜಾ ವಿರೋಧಿಸಿ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಕಲ್ಲಿದ್ದಲಿನ ಜಾಗಕ್ಕೆ ತೈಲ ಬರುತ್ತಿತ್ತು. ಕಾರ್ಮಿಕರು ಸೋತರು. ‘ಆ ಗಣಿಯವರ ಆದಾಯವೂ ದುಪ್ಪಟ್ಟಾಯ್ತಾ ಸಾರ್?’ ಎಂದಳು ಅದೇ ಹುಡುಗಿ. 200.4 ಎಂಬುದು ಇಡೀ ದೇಶದ ಮೊತ್ತ, ಅದರಲ್ಲಿ ಒಬ್ಬೊಬ್ಬರ ಪಾಲು ಕಾಣುವುದಿಲ್ಲ ಎಂದೆ. ಮುಂದಿನ ವಾರ ಮಿಯಿಕೆ ಬಗ್ಗೆ ಟಿಪ್ಪಣಿ ಬರೆದು ತರುವ ಕೆಲಸ ಅವಳೇ ಕೇಳಿ ತೆಗೆದುಕೊಂಡಿದ್ದಾಳೆ.