ಮಠದ ಮುಂದಿನ ಬಯಲು



ಕಳೆದ ತಿಂಗಳು ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ನಕ್ಷೆಯನ್ನು ನಮ್ಮ ಮುಂದೆ ಬಿಡಿಸಿಟ್ಟರು. ಮಠದ ಮುಂದೆ ಇನ್ನೂ ಉಳಿದಿರುವ ಇಪ್ಪತ್ತು ಗುಂಟೆ ಜಾಗಕ್ಕೆ ಫರಸಿ ಹಾಸಿ, ಕಲ್ಯಾಣ ಮಂಟಪಕ್ಕೆ ಬರುವ ವಾಹನಗಳನ್ನು ನಿಲ್ಲಿಸುವ ಏರ್ಪಾಡು ಮಾಡಬೇಕೆಂಬುದು ಅದರ ತಾತ್ಪರ್ಯ. ಲೆಕ್ಕವೆಲ್ಲ ಸರಿಯಾಗಿಯೇ ಇದ್ದಿತು. ನಕ್ಷೆಯ ಆ ಭಾಗದ ಮೇಲೆ ಎಂಜಿನಿಯರರು ದುಂಡಗಿನ ಅಕ್ಷರಗಳಲ್ಲಿ ‘ಖಾಲಿ ಜಾಗ’ ಎಂದು ಬರೆದಿದ್ದರು. ಆ ಎರಡು ಶಬ್ದಗಳ ಮೇಲೆ ನಮ್ಮ ದೃಷ್ಟಿ ನಿಂತುಬಿಟ್ಟಿತು. ಸಹಿಗೆಂದು ತೆಗೆದ ಲೇಖನಿಯನ್ನು ಮುಚ್ಚಿ ಕೆಳಗಿಟ್ಟೆವು. ಕಾರಣವನ್ನು ಸದಸ್ಯರು ಕೇಳಲಿಲ್ಲ. ಕೇಳಿದ್ದರೂ ಅಂದು ಹೇಳಲಾಗುತ್ತಿರಲಿಲ್ಲ. ಇಂದು ತಮ್ಮ ಮುಂದೆ ಅದನ್ನು ಹೇಳಲು ಕುಳಿತಿದ್ದೇವೆ.

ನಾವು ಹುಟ್ಟಿ ಬೆಳೆದದ್ದು ಈ ಬಯಲಿಗೆ ಹೊಂದಿಕೊಂಡ ಓಣಿಯಲ್ಲಿಯೇ ಎಂಬುದು ಹಿರಿಯರಾದ ಕೆಲವರಿಗೆ ಗೊತ್ತು. ಆಗ ನಮ್ಮೂರು ಧಾರವಾಡ ಜಿಲ್ಲೆಯಲ್ಲಿದ್ದಿತು. ಗದಗ ಜಿಲ್ಲೆ ಬೇರೆಯಾದದ್ದು 1997 ರಲ್ಲಿ. ಪೀಠದಲ್ಲಿ ಕುಳಿತವರು ತಮ್ಮೊಬ್ಬರನ್ನೇ ‘ನಾವು’ ಎಂದು ಹೇಳಿಕೊಳ್ಳುವುದು ರೂಢಿ. ಆದರೆ ಈ ಲೇಖನದಲ್ಲಿ ಬಯಲಿನ ಮಾತು ಬಂದಾಗಲೆಲ್ಲ ಬರುವ ‘ನಾವು’ ನಿಜವಾದ ಬಹುವಚನ: ಹದಿನಾಲ್ಕು ಮಂದಿ ಹುಡುಗರು. ಬಯಲು ಎಂಬ ಶಬ್ದಕ್ಕೆ ಶರಣರು ಕೊಟ್ಟ ಅರ್ಥ ತಮಗೆ ತಿಳಿದದ್ದೇ. ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ. ಇದು ಅಂಗಾಲಿಗೆ ಜಾಲಿಯ ಮುಳ್ಳು ನಡುವ, ಮಳೆ ಬಿದ್ದರೆ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟುವ ಬಯಲು. ಪಡುವಣಕ್ಕೆ ಒಂದು ಬನ್ನಿಯ ಮರ, ಮೂಡಣಕ್ಕೆ ದೊಡ್ಡ ಬೇವು, ಮಠದ ಗೋಡೆಯ ಮಗ್ಗುಲಿಗೆ ಒಂದು ಸೇದುವ ಬಾವಿ. ಇಷ್ಟೇ ಅದರ ಆಸ್ತಿ.

ಯಾವ ತಿಂಗಳಲ್ಲಿ ಯಾವ ಆಟ ಎಂಬುದನ್ನು ನಮಗೆ ಯಾರೂ ಹೇಳುತ್ತಿರಲಿಲ್ಲ. ಸುಗ್ಗಿ ಮುಗಿದು ಕಣಗಳು ಬರಿದಾದೊಡನೆ ಚಿಣ್ಣಿದಾಂಡು ತಾನಾಗಿ ಹೊರಬೀಳುತ್ತಿತ್ತು. ಕಾರಹುಣ್ಣಿಮೆಯ ದಿನ ಎತ್ತುಗಳ ಓಟ. ಅದಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ಹಳ್ಳದ ದಂಡೆಯ ಎರೆಮಣ್ಣು ತಂದು ನಮ್ಮವೇ ಎತ್ತುಗಳನ್ನು ಮಾಡಿಕೊಳ್ಳುವುದು. ಆಷಾಢದ ಗಾಳಿ ಎದ್ದಿತೆಂದರೆ ಗಾಳಿಪಟ. ಜೋಳದ ಸೀಮೆಯಲ್ಲಿ ಅಕ್ಕಿಯ ಅನ್ನವೆಂಬುದು ಹಬ್ಬಕ್ಕೋ ಬೀಗರಿಗೋ ಮಾಡುವ ಅಡುಗೆ. ಪಟದ ಕಾಗದಕ್ಕೆ ಹಚ್ಚಲು ಅನ್ನದ ಅಗುಳು ಕೇಳಿದರೆ ತಾಯಂದಿರು ಹಿಟ್ಟಿನ ಕೈಯನ್ನೇ ಎತ್ತುತ್ತಿದ್ದರು. ಆದುದರಿಂದ ಚಳ್ಳೆಹಣ್ಣನ್ನು ಹಿಸುಕಿ ಅದರ ಲೋಳೆಯಿಂದಲೇ ಅಂಟಿಸುತ್ತಿದ್ದೆವು. ಆ ಪಟಕ್ಕೆ ಇರುವೆ ಮುತ್ತುತ್ತಿತ್ತು ಎಂಬುದು ಬೇರೆ ಮಾತು. ಶ್ರಾವಣದಲ್ಲಿ ನಾಗರ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳಿಗಾಗಿ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ನಮ್ಮ ಕೈಯಲ್ಲಿ ದಾರಕ್ಕೆ ಪೋಣಿಸಿದ ಕೊಬ್ಬರಿ ಬಟ್ಟಲು ಗುಂಯ್ ಎಂದು ತಿರುಗುತ್ತಿತ್ತು. ಸಂಜೆಯ ಹೊತ್ತಿಗೆ ಆಟಿಕೆಯನ್ನೇ ತಿಂದು ಮುಗಿಸುತ್ತಿದ್ದೆವು. ಗುಂಡದ ಆಟ, ಬುಗರಿ, ಲಗೋರಿ, ಗಿಡಮಂಗನಾಟ ಇವು ನಡುನಡುವೆ ಬಂದು ಹೋಗುತ್ತಿದ್ದುವು. ಲಗೋರಿಯ ಅರಿವೆಯ ಚೆಂಡು ಮಳೆನೀರಿನಲ್ಲಿ ತೊಯ್ದು ಬೆನ್ನಿಗೆ ಬಿದ್ದರೆ ಎಂಥ ಪೆಟ್ಟು ಎಂಬುದನ್ನು ಉಂಡವನೇ ಬಲ್ಲ.

ಇವೆಲ್ಲವುಗಳಲ್ಲಿ ರಾಜನೆಂದರೆ ಚಿಣ್ಣಿದಾಂಡು. ಜಾಲಿಯ ಕಟ್ಟಿಗೆಯ ಗೇಣುದ್ದದ ತುಂಡನ್ನು ಎರಡೂ ತುದಿಗೆ ಚೂಪಾಗಿ ಕೆತ್ತಿದರೆ ಚಿಣ್ಣಿ. ಮೊಳದುದ್ದದ ಕೋಲು ದಾಂಡು. ನಮ್ಮ ಪಾಳಿಯಲ್ಲಿ ಬಡಿಗರ ಮನೆಯ ಹುಡುಗನೊಬ್ಬನಿದ್ದನು. ಅವನು ಕೆತ್ತಿದ ಚಿಣ್ಣಿ ತುದಿಗೆ ತಟ್ಟಿದೊಡನೆ ಎದೆಯೆತ್ತರಕ್ಕೆ ನೆಟ್ಟಗೆ ಏಳುತ್ತಿತ್ತು. ಬೇರೆಯವರು ಕೆತ್ತಿದ್ದು ಪಕ್ಕಕ್ಕೆ ಹೊರಳುತ್ತಿತ್ತು. ಇದರ ಗುಟ್ಟೇನೆಂದು ಕೇಳಿದರೆ ಅವನು ಹೇಳುತ್ತಿರಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ, ಕೈಗೆ ತಿಳಿದಿತ್ತು.

ಚಿಣ್ಣಿ ಬಾವಿಗೆ ಬಿದ್ದರೆ ಆ ದಿನದ ಆಟ ಮುಗಿದಂತೆಯೇ. ಹದಿನಾಲ್ಕು ತಲೆಗಳು ಬಾವಿಯ ಕಟ್ಟೆಯ ಸುತ್ತ ಬಾಗಿ, ನೀರಿನ ಮೇಲೆ ತೇಲುವ ಗೇಣುದ್ದದ ಕಟ್ಟಿಗೆಯನ್ನು ನೋಡುತ್ತ ನಿಲ್ಲುತ್ತಿದ್ದುವು. ಮುಂದೆ ಕಾಶಿಯಲ್ಲಿ ಸಂಸ್ಕೃತ ಓದುವಾಗ ಒಂದು ದಿನ ಮಹಾಭಾರತದ ಆದಿಪರ್ವದ ಪಾಠ ನಡೆದಿತ್ತು. ಹಸ್ತಿನಾವತಿಯ ರಾಜಕುಮಾರರು ಆಡುವಾಗ ಅವರ ಆಟದ ವಸ್ತು ಬಾವಿಗೆ ಬೀಳುತ್ತದೆ. ತೆಗೆಯಲಾರದೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿರುವಾಗ ದ್ರೋಣಾಚಾರ್ಯರು ಬಂದು ದರ್ಭೆಯಂಥ ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ನೆಟ್ಟು ಅದನ್ನು ಮೇಲಕ್ಕೆತ್ತಿ ಕೊಡುತ್ತಾರೆ. ಕಥೆ ಹೇಳುವವರೆಲ್ಲ ಅದನ್ನು ಚೆಂಡು ಎನ್ನುತ್ತಾರೆ. ಮೂಲದಲ್ಲಿರುವ ಶಬ್ದ ‘ವೀಟಾ’. ವ್ಯಾಖ್ಯಾನಕಾರನಾದ ನೀಲಕಂಠನು ಅದಕ್ಕೆ ಜವೆಗೋಧಿಯ ಆಕಾರದ, ಗೇಣಳತೆಯ ಕಟ್ಟಿಗೆಯ ತುಂಡು, ಹುಡುಗರು ಅದನ್ನು ಮೊಳದುದ್ದದ ಕೋಲಿನಿಂದ ಮೇಲಕ್ಕೆ ಚಿಮ್ಮಿಸಿ ಆಡುತ್ತಾರೆ ಎಂದು ವಿವರಣೆ ಕೊಟ್ಟಿದ್ದಾನೆ. ಅದನ್ನು ಕೇಳಿದೊಡನೆ ಪಾಠದ ನಡುವೆಯೇ ನಮಗೆ ನಗು ಬಂದಿತು. ಶಾಸ್ತ್ರಿಗಳು ಗದರಿದರು. ನಮ್ಮ ಓಣಿಯ ಬಾವಿಯನ್ನು ಅವರಿಗೆ ಹೇಗೆ ವಿವರಿಸುವುದು? ನಮಗೆ ದ್ರೋಣರು ಸಿಕ್ಕಿರಲಿಲ್ಲ. ನೀರು ಸೇದಲು ಬಂದ ಯಾವಳೋ ತಾಯಿ ಬೈಯುತ್ತ ಬೈಯುತ್ತ ಕೊಡದಲ್ಲಿ ಅದನ್ನು ಮೊಗೆದು ಕೊಡುತ್ತಿದ್ದಳು.

ಆ ಮೇಲೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಓದುವಾಗ ಇನ್ನೊಂದು ಸಂಗತಿ ತಿಳಿಯಿತು. ಮರಾಠಿ ನಾಡಿನ ಹುಡುಗರು ಇದೇ ಆಟದಲ್ಲಿ ಅಳತೆ ಎಣಿಸುವಾಗ ವಕಟ, ಲೆಂಡ, ಮುಂಡ, ನಾಲ ಎನ್ನುತ್ತಾರಂತೆ. ಇವು ಒಂದು, ಎರಡು, ಮೂರು, ನಾಲ್ಕು ಎಂಬ ದ್ರಾವಿಡ ಎಣಿಕೆಯ ಶಬ್ದಗಳೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೊಡ್ಡವರ ಮಾತಿನಿಂದ ಎಂದೋ ಅಳಿದುಹೋದ ಎಣಿಕೆಯನ್ನು ಹುಡುಗರು ಬಯಲಿನಲ್ಲಿ ಉಳಿಸಿಕೊಂಡಿದ್ದರು.

ಹುತುತು ಆಡುವ ದಿನ ಮನೆಯಿಂದ ಹೊರಡುವಾಗ ತಾಯಿ ಶಿವದಾರವನ್ನು ಎರಡು ಸಲ ಜಗ್ಗಿ ನೋಡಿ, ಕರಡಿಗೆಯನ್ನು ಅಂಗಿಯೊಳಗೆ ಸೇರಿಸಿ, ಮೇಲೊಂದು ವಸ್ತ್ರ ಬಿಗಿದು ಕಳಿಸುತ್ತಿದ್ದಳು. ನಾವೊಬ್ಬರು ಅಯ್ಯನವರ ಮನೆಯ ಹುಡುಗರು. ಬೆಳಿಗ್ಗೆ ಭಿಕ್ಷೆಗೆ ಹೋದರೆ ಅಜ್ಜಿಯರು ಕೂಡ ‘ಬರ್ರಿ ಸ್ವಾಮೀ’ ಎಂದು ಕಾಲಿಗೆ ಕೈಹಚ್ಚುತ್ತಿದ್ದರು. ಅದೇ ದಿನ ಸಂಜೆ ಅವರ ಮೊಮ್ಮಗನು ಅದೇ ಕಾಲನ್ನು ಹಿಡಿದು ನೆಲಕ್ಕೆ ಕೆಡವಿ ‘ಸತ್ತ, ಸತ್ತ’ ಎಂದು ಕೂಗುತ್ತಿದ್ದನು. ಯಾರಿಗೂ ಇದು ವಿಚಿತ್ರವೆನಿಸುತ್ತಿರಲಿಲ್ಲ. ಪಾಳಿಯಲ್ಲಿ ಬಡಿಗರು, ಕುರುಬರು, ನೇಕಾರರು, ಪಿಂಜಾರರ ಮನೆಯವನೊಬ್ಬ ಎಲ್ಲರೂ ಇದ್ದರು. ಆದರೆ ಕೇರಿಯ ಹುಡುಗರು ಬನ್ನಿಯ ಮರದ ಆಚೆ ಬೇರೆಯೇ ಆಡುತ್ತಿದ್ದರು. ನಮ್ಮ ಚಿಣ್ಣಿ ಅತ್ತ ಬಿದ್ದರೆ ಎತ್ತಿ ಎಸೆಯುತ್ತಿದ್ದರು; ಅವರನ್ನು ನಾವು ಒಂದು ದಿನವೂ ಇತ್ತ ಕರೆಯಲಿಲ್ಲ. ಬಾಲ್ಯವನ್ನು ನೆನೆಯುವವರು ಇದನ್ನು ಬಿಟ್ಟು ನೆನೆಯುವುದುಂಟು. ನಾವು ಬಿಡಲಾರೆವು.

ಇನ್ನು ಒಂದು ತಪ್ಪೊಪ್ಪಿಗೆ. ಒಂದು ಮಧ್ಯಾಹ್ನ ನಾವೊಬ್ಬರು ಹೊಡೆದ ಚಿಣ್ಣಿ ಹಿಂದೆಂದೂ ಹೋಗದಷ್ಟು ಎತ್ತರಕ್ಕೆ ಹೋಗಿ, ಮಠದ ಗೋಡೆಯನ್ನು ದಾಟಿ, ಪಡಸಾಲೆಯಲ್ಲಿ ಓದುತ್ತ ಕುಳಿತಿದ್ದ ಲಿಂಗೈಕ್ಯ ಹಿರಿಯ ಶ್ರೀಗಳ ಮುಂದಿನ ಹಿತ್ತಾಳೆಯ ಸಮೆಗೆ ಬಡಿಯಿತು. ಸದ್ದು ಬಯಲಿಗೂ ಕೇಳಿಸಿತು. ಮರುದಿನ ಎಲ್ಲರಿಗೂ ಕರೆ ಬಂದಿತು. ಸಾಲಾಗಿ ನಿಂತೆವು. ಶ್ರೀಗಳು ಚಿಣ್ಣಿಯನ್ನು ಅಂಗೈಯಲ್ಲಿಟ್ಟುಕೊಂಡು, “ಇದನ್ನ ಯಾರು ಹೊಡದೀರೋ?” ಎಂದು ಕೇಳಿದರು. ನಮ್ಮ ನಾಲಿಗೆ ಒಣಗಿತು. ತಂದೆಯವರು ಮಠದ ಪೂಜೆಯವರು. ಮನೆಗೆ ಸುದ್ದಿ ಹೋದರೆ ಗತಿಯೇನು? ಬಡಿಗರ ಹುಡುಗನು ಒಂದು ಹೆಜ್ಜೆ ಮುಂದೆ ಬಂದು, “ನಾನರೀ ಅಜ್ಜಾರ” ಎಂದನು. ಏಕೆ ಹಾಗೆಂದನೋ ಇಂದಿಗೂ ತಿಳಿಯದು. ಕೆತ್ತಿದವನು ತಾನೆಂಬ ಭಾವವೋ ಏನೋ. ಶ್ರೀಗಳು ಅವನನ್ನು ಮೇಲಿನಿಂದ ಕೆಳಗೆ ನೋಡಿ, “ಕುಣಿಯಿಂದ ಇಲ್ಲೀತನಾ ಎಷ್ಟು ದಾಂಡು ಆಗತೈತಿ, ಅಳದು ಬಂದು ಹೇಳು” ಎಂದರು. ಅವನು ಅಳೆದು ಬಂದು ಹೇಳಿದನು. “ಅಡ್ಡಿಯಿಲ್ಲ” ಎಂದು ಚಿಣ್ಣಿಯ ಜೊತೆಗೆ ಒಂದು ಹಿಡಿ ಕಲ್ಲುಸಕ್ಕರೆಯನ್ನೂ ಅವನಿಗೆ ಕೊಟ್ಟು ಕಳಿಸಿದರು. ಆ ಹೊಡೆತದ ಕೀರ್ತಿ ಓಣಿಯಲ್ಲಿ ವರ್ಷಗಟ್ಟಲೆ ಅವನ ಹೆಸರಿನಲ್ಲಿ ಉಳಿಯಿತು. ನಮ್ಮದೆಂದು ಹೇಳಲು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದ್ದೇವೆ. ಅವನು ಈಗಿಲ್ಲ. ಆ ಹೊಡೆತ ನಮ್ಮದು.

1983 ರ ಜೂನ್ 25 ರಂದು ಭಾರತವು ಕ್ರಿಕೆಟ್ ವಿಶ್ವಕಪ್ಪನ್ನು ಗೆದ್ದಿತು. ಕನ್ನಡ ನಾಡಿನ ರೋಜರ್ ಬಿನ್ನಿಯವರು ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದಿದ್ದರು. ಆ ವರ್ಷದ ಸುಗ್ಗಿ ಮುಗಿದ ಮೇಲೆ ಚಿಣ್ಣಿ ಹೊರಗೆ ಬರಲಿಲ್ಲ. ಬಡಿಗರ ಹುಡುಗನು ಅದೇ ಜಾಲಿಯ ಕಟ್ಟಿಗೆಯಿಂದ ಬ್ಯಾಟು ಕೆತ್ತಿದನು. ಅದನ್ನು ಅನರ್ಥವೆಂದು ನಾವು ಹೇಳುವುದಿಲ್ಲ. ಆಟ ಬದಲಾಯಿತು, ಬಯಲು ಇದ್ದಿತು. 1984 ರಲ್ಲಿ ನಮ್ಮನ್ನು ಕಾಶಿಗೆ ಕಳಿಸಿದರು.

ಬಯಲು ಹೋದದ್ದು ನಮ್ಮ ಕೈಯಿಂದ. 1999 ರಲ್ಲಿ ಪೀಠದ ಹೊಣೆ ನಮಗೆ ಬಂದಿತು. 2008 ರಲ್ಲಿ ಕಲ್ಯಾಣ ಮಂಟಪಕ್ಕೆ ನಾವೇ ಅಡಿಗಲ್ಲು ಇಟ್ಟೆವು. ಆ ಮಂಟಪದಲ್ಲಿ ಎಷ್ಟೋ ಬಡವರ ಮಕ್ಕಳ ಲಗ್ನಗಳು ಸಾಲವಿಲ್ಲದೆ ನೆರವೇರಿವೆ. ಅದನ್ನು ಕಟ್ಟಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಪಾಯ ತೋಡುವಾಗ ಒಂದು ದಿನ ಕೂಲಿಕಾರ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದು ನಮ್ಮ ಮುಂದೆ ಸುರಿದಳು: ಒಂಬತ್ತು ಗಾಜಿನ ಗುಂಡಗಳು, ತುಕ್ಕು ಹಿಡಿದ ಒಂದು ಬುಗರಿಯ ಮೊಳೆ. “ನಿಧಿ ಸಿಕ್ಕೈತ್ರೀ ಬುದ್ಧೀ” ಎಂದು ನಕ್ಕಳು. ಅವು ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿವೆ. ಆ ದಿನವೇ ಒಂದು ಮಾತು ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಆವಾರದ ಗೋಡೆಯನ್ನೂ ಎತ್ತಿಸಿದೆವು.

ನಮ್ಮ ಸಂಸ್ಥೆಯ ಶಾಲೆಗೆ ಮೈದಾನವಿದೆಯಲ್ಲ ಎಂದು ತಾವು ಕೇಳಬಹುದು. ಇದೆ. 2009 ರ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು, ನಮ್ಮಲ್ಲಿಯೂ ಇದೆ, ಸಾಯಂಕಾಲ ಐದಕ್ಕೆ ಅದಕ್ಕೆ ಬೀಗ ಬೀಳುತ್ತದೆ. ಬೀಗದ ಕೈ ಜವಾನನ ಬಳಿ ಇರುತ್ತದೆ. ಅಲ್ಲಿ ಪೀರಿಯಡ್ಡಿನ ಗಂಟೆ ಹೊಡೆದಾಗ ಆಡಬೇಕು, ಸೀಟಿ ಊದಿದಾಗ ನಿಲ್ಲಿಸಬೇಕು. ನಮ್ಮ ಆಟ ನಿಲ್ಲುತ್ತಿದ್ದುದು ‘ದೀಪಾ ಹಚ್ಚೂ ಹೊತ್ತಾತು ಬಾರೋ’ ಎಂದು ಓಣಿಯ ತಾಯಂದಿರು ಒಬ್ಬರಾದ ಮೇಲೊಬ್ಬರು ಕೂಗಿದಾಗ. ಅದೂ ಮೂರನೆಯ ಕೂಗಿಗೆ. ಇಂದಿನ ಹುಡುಗರು ಮೊಬೈಲು ಬಿಟ್ಟು ಏಳುವುದಿಲ್ಲವೆಂದು ಭಕ್ತರು ನಮ್ಮ ಮುಂದೆ ದೂರುತ್ತಾರೆ. ಎದ್ದು ಎಲ್ಲಿಗೆ ಹೋಗಬೇಕು ಎಂದು ಒಬ್ಬ ಹುಡುಗ ಕೇಳಿದರೆ ನಾವು ಯಾವ ಜಾಗವನ್ನು ತೋರಿಸೋಣ?

ಈ ಸಂಚಿಕೆ ತಮ್ಮ ಕೈಸೇರುವ ಹೊತ್ತಿಗೆ ಮುಂದಿನ ಸಭೆ ನಡೆದಿರುತ್ತದೆ. ಆ ನಕ್ಷೆಗೆ ನಾವು ಸಹಿ ಮಾಡುವುದಿಲ್ಲ. ಲಗ್ನಕ್ಕೆ ಬರುವವರು ವಾಹನಗಳನ್ನು ಊರ ಹೊರಗೆ ನಿಲ್ಲಿಸಿ ಒಂದು ಫರ್ಲಾಂಗು ನಡೆದು ಬರಬೇಕಾದೀತು. ತಮ್ಮಲ್ಲಿ ಕೆಲವರಿಗೆ ಇದು ಅಸಮಾಧಾನವನ್ನು ತಂದೀತು. ದೇಣಿಗೆ ಕೊಟ್ಟವರೂ ಅವರಲ್ಲಿದ್ದಾರೆ. ಪಡುವಣ ಗೋಡೆಯಲ್ಲಿ ಬನ್ನಿಯ ಮರದ ಬದಿಗೆ ಒಂದು ದಾರಿ ತೆರೆಯಬೇಕೆಂದೂ ಯೋಚಿಸಿದ್ದೇವೆ. ಕೇರಿಯ ಮಕ್ಕಳು ಬರುವುದು ಆ ಕಡೆಯಿಂದಲೇ.

ಇದನ್ನು ಬರೆಯುತ್ತಿರುವಾಗಲೇ ಹೊರಗೆ ನಾಲ್ಕೈದು ಹುಡುಗರು ಆಡುತ್ತಿದ್ದರು. ರಬ್ಬರಿನ ಚೆಂಡೊಂದು ಪುಟಿಯುತ್ತ ಬಂದು ಪಡಸಾಲೆಯ ಕಂಬಕ್ಕೆ ತಾಗಿ ನಿಂತಿತು. ಕಾವಿಯನ್ನು ಕಂಡು ಹುಡುಗನೊಬ್ಬ ಮೆಟ್ಟಿಲ ಕೆಳಗೇ ನಿಂತನು. ಬರಲೋ ಬೇಡವೋ ಎಂದು ಅವನಿಗೆ ತಿಳಿಯದಾಯಿತು. ನಾವೇ ಎದ್ದು ಚೆಂಡನ್ನು ಎತ್ತಿ ಅವನ ಕಡೆಗೆ ಎಸೆದೆವು. ಎಷ್ಟೋ ವರ್ಷಗಳ ಮೇಲೆ ಎಸೆದ ಕೈ. ಗುರಿ ತಪ್ಪಿ ಚೆಂಡು ಬಾವಿಯ ಕಡೆಗೆ ಹೋಯಿತು. ಈಗ ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿದ್ದೇವೆ. ಅದರ ಮೇಲೆ ಎರಡು ಸಲ ಪುಟಿದು ನಿಂತಿತು. ಹುಡುಗರೆಲ್ಲ ಒಮ್ಮೆಗೇ ನಕ್ಕರು.