ಕಡಲ ತಳದ ಮೇಲೆ ನಿಂತ ಊರುಗಳು

ಹಡಗಿನ ಕಾರ್ಯಕ್ರಮ ಪಟ್ಟಿಯಲ್ಲಿ ಅಂದಿನ ನಿಲ್ದಾಣಕ್ಕೆ ‘ರೋಮ್’ ಎಂದು ಹೆಸರು. ಇಳಿಯುವುದು ಮಾತ್ರ ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ರೋಮ್ ಅಲ್ಲಿಂದ ಇನ್ನೂ 70 ಕಿಲೋಮೀಟರ್ ಆಚೆಗಿದೆ. ಎರಡನೇ ಶತಮಾನದ ಆರಂಭದಲ್ಲಿ ಚಕ್ರವರ್ತಿ ಟ್ರೇಜನ್ ಕಟ್ಟಿಸಿದ ಬಂದರು ಇದು. ಅಂದಿನಿಂದಲೂ ಇಲ್ಲಿ ಇಳಿದವರಿಗೆಲ್ಲ ರೋಮಿನದೇ ಧಾವಂತ. ಬೆಳಿಗ್ಗೆ ಹಡಗುಕಟ್ಟೆಯ ಮೇಲೆ ಸಾಲುಗಟ್ಟಿ ನಿಂತಿದ್ದ ಬಸ್ಸುಗಳಲ್ಲಿ ಬಹುಪಾಲು ದಕ್ಷಿಣಕ್ಕೆ, ಕೊಲೊಸಿಯಮ್ಮಿನ ಕಡೆಗೆ ಹೊರಟವು. ನಾವು ಎದೆಗೆ ನಂಬರಿನ ಸ್ಟಿಕರ್ ಅಂಟಿಸಿಕೊಂಡು ಉತ್ತರದ ಬೆಟ್ಟಗಳಿಗೆ ಹೋಗುವ ಬಸ್ಸು ಹತ್ತಿದೆವು. ಸಂಜೆ ಆರರೊಳಗೆ ಹಡಗಿಗೆ ಮರಳಬೇಕು. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಆ ಭರವಸೆ ಇಲ್ಲ. ಹೀಗಾಗಿ ಮನಸ್ಸು ನಿರಾಳವಾಗಿತ್ತು.

ಒಂದು ಹಗಲಿನಲ್ಲಿ ಹೋಗಿ ಬಂದುಬಿಟ್ಟರೆ ಊರು ನೋಡಿದಂತಾಯಿತೇ ಎಂದು ಕೇಳುವವರಿದ್ದಾರೆ. ಇಟಲಿಯ ಈ ಬೆಟ್ಟದೂರುಗಳ ಮಟ್ಟಿಗಂತೂ ನನ್ನ ಉತ್ತರ ಬೇರೆ. ಇವುಗಳಿಗೆ ಸಮುದ್ರದ ಕಡೆಯಿಂದಲೇ ಬರಬೇಕು. ನಾಲ್ಕಾರು ದಿನ ನೀರಿನ ಮೇಲೆ ಇದ್ದು, ಮೈಯಲ್ಲಿ ಇನ್ನೂ ಅಲೆಯ ತೂಗಾಟ ಉಳಿದಿರುವಾಗಲೇ ಈ ಬಂಡೆಗಳ ಬುಡಕ್ಕೆ ಬಂದು ನಿಂತರೆ, ಅಲ್ಲಿ ಕಾಣುವ ಮಣ್ಣಿನ ಚರಿತ್ರೆ ಬೇಗ ಮನಸ್ಸಿಗೆ ಹತ್ತುತ್ತದೆ.

ದಾರಿ ವಿತೆರ್ಬೊ ದಾಟಿ ಮೊಂತೆಫಿಯಾಸ್ಕೊನೆಯತ್ತ ಏರಿತು. ಆ ಊರಿನ ಚರ್ಚಿನ ದೊಡ್ಡ ಗುಮ್ಮಟ ಬಹಳ ದೂರದಿಂದಲೇ ಕಾಣುತ್ತದೆ. ಏರು ಮುಗಿಯುತ್ತಲೇ ಎಡಗಡೆ ಬೊಲ್ಸೇನಾ ಸರೋವರ ತೆರೆದುಕೊಂಡಿತು. ಎಷ್ಟು ಅಗಲ! ಆಚೆ ದಡ ತೆಳು ನೀಲಿ ಗೆರೆಯಾಗಿ ಮಾತ್ರ ಉಳಿದಿತ್ತು. ಅದರ ಆಳ 150 ಮೀಟರಿಗೂ ಮಿಕ್ಕಿದ್ದು. ನೀರು ನಿಂತಿರುವುದು ಜ್ವಾಲಾಮುಖಿಗಳು ಉಗುಳಿ ಬರಿದಾಗಿ ಕುಸಿದುಹೋದ ನೆಲದ ತಗ್ಗಿನಲ್ಲಿ. ಲಕ್ಷಾಂತರ ವರ್ಷಗಳ ಕಾಲ ಮತ್ತೆ ಮತ್ತೆ ಸಿಡಿದ ಈ ಜ್ವಾಲಾಮುಖಿಗಳ ಬಿಸಿಬೂದಿ ಸುತ್ತಲಿನ ಸೀಮೆಯ ಮೇಲೆಲ್ಲ ಹಾಸಿ, ಗಟ್ಟಿಯಾಗಿ, ಕಂದು-ಹಳದಿ ಬಣ್ಣದ ಬೂದಿಗಲ್ಲಾಯಿತು. ಅಲ್ಲಿಯವರು ‘ತೂಫೊ’ ಎನ್ನುವುದು ಇದನ್ನೇ. ನಮ್ಮ ಕರಾವಳಿಯ ಮುರಕಲ್ಲನ್ನು ಕಡಿಯುವಷ್ಟೇ ಸಲೀಸಾಗಿ ಇದನ್ನು ಕಡಿಯಬಹುದು, ಕಡಿದದ್ದು ಗೋಡೆಯಾಗಿ ಶತಮಾನಗಟ್ಟಲೆ ನಿಲ್ಲುತ್ತದೆ.

ಬೂದಿ ಬಂದು ಬಿದ್ದದ್ದು ಯಾವುದರ ಮೇಲೆ ಎಂಬುದನ್ನು ಗೈಡ್ ಹೇಳಿದಾಗ ಬಸ್ಸಿನಲ್ಲಿ ಒಂದು ಕ್ಷಣ ಮಾತು ನಿಂತಿತು. ಕೆಳಗಿರುವುದು ಜೇಡಿಮಣ್ಣು. ಈ ಸೀಮೆಯೆಲ್ಲ ಸಮುದ್ರವಾಗಿದ್ದಾಗ ಅದರ ತಳದಲ್ಲಿ ಕೂತ ಕೆಸರು ಅದು. ಅಗೆದರೆ ಇವತ್ತಿಗೂ ಚಿಪ್ಪುಗಳು ಸಿಗುತ್ತವೆ. ಕಡಲನ್ನು ಬೆನ್ನ ಹಿಂದೆ ಬಿಟ್ಟು ಒಂದೂವರೆ ಗಂಟೆ ಏರಿ ಬಂದ ನಾವು ಇನ್ನೊಂದು, ಬಹು ಹಳೆಯ ಕಡಲಿನ ತಳಕ್ಕೆ ಬಂದು ಸೇರಿದ್ದೆವು.

ಬನ್ಯೊರೇಜೊ ಎಂಬ ಊರಿನ ಅಂಚಿನಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿಂದ ಎದುರಿಗೆ ನೋಡಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಕಣಿವೆಯ ನಡುವೆ ಒಂಟಿಯಾಗಿ ಎದ್ದ ಒಂದು ಬಂಡೆ, ಅದರ ನೆತ್ತಿಯ ಮೇಲೆ ಅಂಚಿನಿಂದ ಅಂಚಿಗೆ ಒತ್ತಿಕೊಂಡು ಕೂತ ಮನೆಗಳು, ನಡುವೆ ಚರ್ಚಿನ ಗಂಟೆಗೋಪುರ. ಅದೇ ಚಿವಿತಾ ದಿ ಬನ್ಯೊರೇಜೊ. ಅದಕ್ಕೆ ಹೋಗಲು ಇರುವುದು ಒಂದೇ ದಾರಿ: 1965ರಲ್ಲಿ ಕಟ್ಟಿದ, ಸುಮಾರು 300 ಮೀಟರ್ ಉದ್ದದ ಕಾಲುಸೇತುವೆ. ಮೊದಲು ಇಳಿಜಾರು, ಆಮೇಲೆ ಎದೆ ಏದುಸಿರು ಬಿಡುವಷ್ಟು ಕಡಿದಾದ ಏರು. ಕಾರು ಬಸ್ಸು ಇಲ್ಲ. ಅಂಗಡಿಯವರ ಸಾಮಾನು ಸಣ್ಣ ಮೂರುಗಾಲಿ ಗಾಡಿಗಳಲ್ಲಿ ದಾಟುತ್ತದೆ. 2013ರಿಂದ ಪ್ರವಾಸಿಗರು ಇಲ್ಲಿಗೆ ಬರಲು ಟಿಕೆಟ್ ಕೊಳ್ಳಬೇಕು. ಊರೊಂದಕ್ಕೆ ಟಿಕೆಟ್ಟೇ ಎಂದು ಗೊಣಗುವವರು ಸೇತುವೆಯ ಮಧ್ಯೆ ನಿಂತು ಕೆಳಗೆ ನೋಡಲಿ. ಈ ಊರನ್ನು ಹಿಡಿದು ನಿಲ್ಲಿಸಲು ಎಷ್ಟು ಕೊಟ್ಟರೂ ಕಡಿಮೆಯೇ ಅನ್ನಿಸುತ್ತದೆ.

ಕೆಳಗೆ ಕಾಣುವುದು ಬೂದುಬಿಳಿಯ ಬೋಳು ಮಣ್ಣಿನ ಕಂದರಗಳು, ಕತ್ತಿಯ ಅಲಗಿನಷ್ಟು ತೆಳುವಾದ ದಿಣ್ಣೆಗಳು. ಮಳೆನೀರು ಜೇಡಿಯನ್ನು ಕೊರೆದು ಮಾಡಿದ ಕೆಲಸ ಅದು. ಬಂಡೆಯ ಎರಡೂ ಮಗ್ಗುಲಲ್ಲಿ ಒಂದೊಂದು ಹಳ್ಳ ಹರಿಯುತ್ತದೆ. ಅವು ಬುಡದ ಮಣ್ಣನ್ನು ಒಯ್ಯುತ್ತಲೇ ಇರುತ್ತವೆ, ಬುಡ ಜಾರಿದಾಗ ಮೇಲಿನ ಬೂದಿಗಲ್ಲು ಅಂಚಿನಿಂದ ಸೀಳಿ ಉರುಳುತ್ತದೆ, ಅದರ ಮೇಲಿನ ಮನೆಯೂ ಹೋಗುತ್ತದೆ. ಒಂದು ಕಾಲಕ್ಕೆ ಈ ಊರಿಗೂ ಬನ್ಯೊರೇಜೊಗೂ ನಡುವೆ ನೆಲದ ಏಣು ಇತ್ತು, ಅದೂ ಕರಗಿತು. 1695ರ ಭೂಕಂಪ ಬಹಳಷ್ಟನ್ನು ಕೆಡವಿತು. ಆಮೇಲೆ ಬಿಷಪ್ಪರ ಪೀಠವೂ ಆಚೆಗೆ ಹೋಯಿತು, ಜನರೂ ಹೋದರು. ಬನ್ಯೊರೇಜೊದಲ್ಲೇ ಹುಟ್ಟಿದ ಲೇಖಕ ಬೊನವೆಂತುರಾ ತೆಕ್ಕಿ ಇದನ್ನು ಸಾಯುತ್ತಿರುವ ಊರು ಎಂದು ಕರೆದರು. ಆ ಹೆಸರೇ ಇವತ್ತು ಇಟಲಿಯ ತುಂಬ ಓಡಾಡುತ್ತಿದೆ. ವರ್ಷವಿಡೀ ಇಲ್ಲಿ ವಾಸವಾಗಿರುವವರು ಹತ್ತು ಹನ್ನೆರಡು ಮಂದಿ ಇದ್ದಾರು.

ಹೆಬ್ಬಾಗಿಲು ಬಂಡೆಯನ್ನೇ ಕೊರೆದ ಸುರಂಗ. ಮೊದಲು ಕೊರೆದವರು ರೋಮನ್ನರಿಗಿಂತ ಹಿಂದಿನ ಎಟ್ರಸ್ಕನ್ನರು. ಬಾಗಿಲಿನ ಎರಡು ಕಡೆ ಮನುಷ್ಯರ ತಲೆಯನ್ನು ಪಂಜದಲ್ಲಿ ಹಿಡಿದ ಕಲ್ಲಿನ ಸಿಂಹಗಳು. ಒಳಗೆ ಕಾಲಿಟ್ಟರೆ ಅಗಲಕಿರಿದಾದ ಕಲ್ಲುಹಾಸಿನ ಓಣಿ, ಪ್ರತಿ ಮನೆಯ ಹೊರಮೆಟ್ಟಿಲ ಮೇಲೂ ಕೆಂಪು ಜಿರೇನಿಯಂ ಹೂವಿನ ಕುಂಡಗಳು. ಸ್ವಲ್ಪ ಮುಂದೆ ಒಂದು ಭವ್ಯ ಮನೆಯ ಎದುರುಗೋಡೆ. ಕಿಟಕಿಗಳೆಲ್ಲ ನೆಟ್ಟಗಿವೆ, ಆದರೆ ಕಿಟಕಿಯಲ್ಲಿ ಕಾಣುವುದು ಆಕಾಶ. ಹಿಂದಿನ ಕೋಣೆ, ಮಹಡಿ, ಮಾಡು ಎಲ್ಲವೂ ಎಂದೋ ಕಣಿವೆಗೆ ಇಳಿದುಹೋಗಿವೆ. ಫ್ರಾನ್ಸಿಸ್ಕನ್ ಪಂಥದ ಮಹಾ ಚಿಂತಕ ಸಂತ ಬೊನವೆಂತುರಾ ಹದಿಮೂರನೇ ಶತಮಾನದಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವನ ಮನೆ ಇದ್ದ ಜಾಗವನ್ನು ತೋರಿಸುತ್ತಾರೆ, ಮನೆ ಇಲ್ಲ.

ಆದರೂ ಇಲ್ಲಿ ನನ್ನನ್ನು ಆವರಿಸಿದ್ದು ದುಃಖವಲ್ಲ. ಚರ್ಚಿನ ಮುಂದಿನ ಬಯಲಿನಲ್ಲಿ ಕಲ್ಲುಹಾಸಿನ ಬದಲು ಜಲ್ಲಿಮಣ್ಣು ಹರಡಿದ್ದಾರೆ, ಅದರ ಮೇಲೆ ಬೆಕ್ಕೊಂದು ಬಿಸಿಲು ಕಾಯಿಸುತ್ತ ಮಲಗಿತ್ತು. ಒಂದು ನೆಲಮಾಳಿಗೆಯಲ್ಲಿ ಹಳೆಯ ಆಲಿವ್ ಗಾಣ. ಅದರ ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಗೆ ಬೆಳ್ಳುಳ್ಳಿ ಉಜ್ಜಿ, ಹಸಿರು ಎಣ್ಣೆ ಸುರಿದು ಕೊಟ್ಟರು; ಅಷ್ಟು ಸರಳವಾದದ್ದು ಅಷ್ಟು ರುಚಿಯಾಗಿರಬಹುದೆಂದು ಗೊತ್ತಿರಲಿಲ್ಲ. ಊರಿನಲ್ಲಿ ಭೂಕುಸಿತಗಳಿಗೇ ಮೀಸಲಾದ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ತಮ್ಮನ್ನು ತಿನ್ನುತ್ತಿರುವುದು ಯಾವುದೆಂದು ಇವರು ಅಳೆಯುತ್ತಾರೆ, ನಕ್ಷೆ ಬರೆಯುತ್ತಾರೆ, ಬಂಡೆಗೆ ಉಕ್ಕಿನ ಸರಳು ಹೊಡೆಯುತ್ತಾರೆ, ಬೆಳಿಗ್ಗೆ ಎದ್ದು ಹೂವಿಗೆ ನೀರು ಹಾಕುತ್ತಾರೆ. ಎಂಥ ಜನ ಇವರು!

ಒರ್ವಿಯೇತೊ ಅಲ್ಲಿಂದ ಅರ್ಧ ಗಂಟೆ. ಅದೇ ಬೂದಿಗಲ್ಲು, ಕೆಳಗೆ ಅದೇ ಕಡಲಕೆಸರು. ಹಾಸು ಮಾತ್ರ ಬಹಳ ದೊಡ್ಡದು. ಆದ್ದರಿಂದ ಇದು ಸಾವಿರಾರು ಜನ ತುಂಬಿ ಬಾಳುವ ಪಟ್ಟಣ. ಹಾಗೆಂದು ಇದಕ್ಕೂ ಅಭಯವೇನಿಲ್ಲ. 1900ರಲ್ಲೂ 1979ರಲ್ಲೂ ಬಂಡೆಯ ತಪ್ಪಲು ಜಾರಿತ್ತು. 1978ರಲ್ಲಿ ಇಟಲಿಯ ಸಂಸತ್ತು ಇದರ ಮತ್ತು ತೋದಿ ಎಂಬ ಇನ್ನೊಂದು ಬೆಟ್ಟದೂರಿನ ರಕ್ಷಣೆಗೆಂದೇ ವಿಶೇಷ ಕಾನೂನು ಮಾಡಿತು. ಎಟ್ರಸ್ಕನ್ನರ ಕಾಲದಲ್ಲಿ ಇದರ ಹೆಸರು ವೆಲ್ಜ್ನಾ. ಕ್ರಿ.ಪೂ. 264ರಲ್ಲಿ ರೋಮನ್ನರು ಇದನ್ನು ಹಾಳುಗೆಡವಿ ಜನರನ್ನು ಬೊಲ್ಸೇನಾದ ದಡಕ್ಕೆ ಎಬ್ಬಿಸಿದರು.

ಓಣಿಗಳ ಇಕ್ಕಟ್ಟಿನಿಂದ ಕೆಥೀಡ್ರಲ್ಲಿನ ಮುಂದಿನ ಬಯಲಿಗೆ ಕಾಲಿಟ್ಟ ಗಳಿಗೆಯನ್ನು ಹೇಗೆ ಹೇಳಲಿ? ಇಡೀ ಮುಂಭಾಗ ಚಿನ್ನದ ಮೊಸಾಯಿಕ್ಕಿನಲ್ಲಿ ಬಿಸಿಲನ್ನು ಹಿಂದಕ್ಕೆ ಎರಚುತ್ತಿತ್ತು. ಮಗ್ಗುಲ ಗೋಡೆಗಳಲ್ಲಿ ಕಪ್ಪು ಬಸಾಲ್ಟ್, ಬಿಳಿ ಟ್ರಾವರ್ಟೀನ್ ಕಲ್ಲುಗಳ ಪಟ್ಟೆ. 1290ರಲ್ಲಿ ಪೋಪ್ ನಾಲ್ಕನೇ ನಿಕೋಲಸ್ ಇದರ ಅಡಿಗಲ್ಲು ಇಟ್ಟರು. 1310ರಲ್ಲಿ ಸಿಯೆನಾದಿಂದ ಬಂದ ಲೊರೆಂಜೊ ಮೈತಾನಿ ಸಾಯುವವರೆಗೂ, ಅಂದರೆ ಇಪ್ಪತ್ತು ವರ್ಷ, ಇದರ ಹೊಣೆ ಹೊತ್ತಿದ್ದ. ಎಲ್ಲರೂ ತಲೆಯೆತ್ತಿ ಚಿನ್ನ ನೋಡುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಕೆಳಗಿನ ನಾಲ್ಕು ಕಂಬಗೋಡೆಗಳ ಹತ್ತಿರ ಹೋಗಿ. ಮೊದಲನೆಯದರಲ್ಲಿ ಸೃಷ್ಟಿಯ ಕಥೆ ಇದೆ. ಅಮೃತಶಿಲೆಯ ಬಳ್ಳಿಯೊಂದು ನಡುವೆ ಏರುತ್ತದೆ, ಅದರ ಕವಲುಗಳ ಸಂದಿನಲ್ಲಿ ಒಂದೊಂದು ದೃಶ್ಯ. ನಿದ್ದೆಯಲ್ಲಿರುವ ಆದಾಮನ ಪಕ್ಕೆಯನ್ನು ದೇವರು ತೆರೆಯುವ ರೀತಿಯಲ್ಲಿ ಎಂಥ ಮೆಲುಪು! ನಾಲ್ಕನೆಯದರಲ್ಲಿ ಕೊನೆಯ ತೀರ್ಪು. ಅಲ್ಲಿ ನರಳುವವರ ಮುಖಗಳು ಏಳು ನೂರು ವರ್ಷಗಳಿಂದ ಬೀದಿಯಲ್ಲಿ ಹೋಗುವವರ ಎದೆಯ ಮಟ್ಟದಲ್ಲೇ ನರಳುತ್ತಿವೆ.

ಒಳಗೆ ಬಲಗಡೆ ಸಾನ್ ಬ್ರಿತ್ಸಿಯೊ ಪೂಜಾಗೃಹ. ಚಿತ್ರಿಸಲು ಶುರುಮಾಡಿದವನು ಫ್ರಾ ಆಂಜೆಲಿಕೊ, 1447ರಲ್ಲಿ. ಛಾವಣಿಯ ಸ್ವಲ್ಪ ಭಾಗ ಮಾಡಿ ಅವನು ಹೊರಟುಹೋದ, ಗೋಡೆಗಳು ಅರ್ಧ ಶತಮಾನ ಖಾಲಿ ಉಳಿದವು. 1499ರಿಂದ 1504ರ ನಡುವೆ ಲೂಕಾ ಸಿನ್ಯೊರೆಲ್ಲಿ ಅವುಗಳ ಮೇಲೆ ಲೋಕದ ಕೊನೆಯನ್ನು ಬರೆದ. ಒಂದು ಗೋಡೆಯಲ್ಲಿ ಕ್ರಿಸ್ತನ ರೂಪದಲ್ಲೇ ಬಂದು ಜನರಿಗೆ ಬೋಧಿಸುತ್ತಿರುವ ಕ್ರಿಸ್ತದ್ರೋಹಿ. ಅವನ ಕಿವಿಯಲ್ಲಿ ಸೈತಾನ ಪಿಸುಗುಟ್ಟುತ್ತಿದ್ದಾನೆ. ಇಬ್ಬರ ತೋಳುಗಳು ಎಷ್ಟು ಬೆಸೆದಿವೆಯೆಂದರೆ ಯಾವ ಕೈ ಯಾರದೆಂದು ಹೇಳಲಾಗದು. ಮೂಲೆಯಲ್ಲಿ ಕಪ್ಪು ಉಡುಪಿನ ಇಬ್ಬರು ನಿಂತು ನೋಡುತ್ತಾರೆ: ಒಬ್ಬ ಸಿನ್ಯೊರೆಲ್ಲಿ ತಾನೇ, ಪಕ್ಕದಲ್ಲಿರುವ ಸನ್ಯಾಸಿ ಫ್ರಾ ಆಂಜೆಲಿಕೊ ಎನ್ನುತ್ತಾರೆ. ತನಗಿಂತ ಮೊದಲು ಈ ಕೆಲಸ ಹಿಡಿದು, ಎಂದೋ ತೀರಿಹೋಗಿದ್ದ ಹಿರಿಯನನ್ನು ಕರೆತಂದು ತನ್ನ ಜೊತೆ ನಿಲ್ಲಿಸಿಕೊಂಡ ಆ ಗೌರವಕ್ಕೆ ನನ್ನ ಕಣ್ಣು ತೇವವಾಯಿತು. ಇನ್ನೊಂದು ಗೋಡೆಯಲ್ಲಿ ಸತ್ತವರು ಏಳುತ್ತಿದ್ದಾರೆ. ಚಪ್ಪಟೆ ಬಿಳಿನೆಲದೊಳಗಿಂದ ಕೈಯೂರಿ, ಮಂಡಿಯೂರಿ ಮೇಲೆ ಬರುತ್ತಿದ್ದಾರೆ, ಕೆಲವರಿಗೆ ಇನ್ನೂ ಮಾಂಸ ತುಂಬಿಲ್ಲ. ಆ ನೆಲದ ಬಣ್ಣ ಬೆಳಿಗ್ಗೆ ಸೇತುವೆಯಿಂದ ಕಂಡ ಜೇಡಿಯದೇ.

ಬಂಡೆಯ ಮೇಲಿನ ಊರಿಗೆ ಯಾವಾಗಲೂ ನೀರಿನದೇ ಚಿಂತೆ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ಇಲ್ಲಿಗೆ ಓಡಿಬಂದರು. ಶತ್ರು ಮುತ್ತಿಗೆ ಹಾಕಿದರೂ ನೀರು ತಪ್ಪಬಾರದೆಂದು ಬಾವಿ ತೋಡಿಸಿದರು. ಅದನ್ನು ರೂಪಿಸಿದವನು ಕಿರಿಯ ಆಂತೋನಿಯೊ ದ ಸಾಂಗಾಲೊ. ಮುಗಿದದ್ದು 1537ರಲ್ಲಿ, ಆ ಪೋಪ್ ತೀರಿಹೋದ ಮೇಲೆ. 53 ಮೀಟರ್ ಆಳದ ಸಂತ ಪಾತ್ರಿತ್ಸಿಯೊ ಬಾವಿಯ ಸುತ್ತ ಎರಡು ಸುರುಳಿ ಮೆಟ್ಟಿಲುಗಳು ಒಂದರ ಮೇಲೊಂದು ಹೊಸೆದುಕೊಂಡು ಇಳಿಯುತ್ತವೆ, ಒಂದೊಂದಕ್ಕೂ 248 ಮೆಟ್ಟಿಲು. ಹೇಸರಗತ್ತೆಗಳು ಒಂದು ದಾರಿಯಲ್ಲಿ ಖಾಲಿ ಇಳಿದು, ತಳದ ಸಣ್ಣ ಸೇತುವೆ ದಾಟಿ, ನೀರು ಹೊತ್ತು ಇನ್ನೊಂದು ದಾರಿಯಲ್ಲಿ ಏರುತ್ತಿದ್ದವು. ಎಲ್ಲಿಯೂ ಒಂದಕ್ಕೊಂದು ಎದುರಾಗುತ್ತಿರಲಿಲ್ಲ. ಇಳಿಯುತ್ತ ಹೋದಂತೆ ಗೋಡೆ ಬದಲಾಯಿತು. ಮೇಲೆ ಕಡಿದ ಬಂಡೆ, ಕೆಳಗೆ ಇಟ್ಟಿಗೆ. ಕಲ್ಲು ಮುಗಿದು ಜೇಡಿ ಶುರುವಾದಲ್ಲಿ ಕುಸಿಯದಂತೆ ಇಟ್ಟಿಗೆ ಕಟ್ಟಿದ್ದಾರೆ. ನಾನು ಆ ಗಡಿಯ ಮೇಲೆ ಅಂಗೈ ಇಟ್ಟು ನಿಂತೆ. ಮೇಲೆ ಬೆಂಕಿ ಹಾಕಿದ ಪದರ, ಕೆಳಗೆ ನೀರು ಹಾಕಿದ ಪದರ, ನಡುವೆ ಮನುಷ್ಯರು ಕಟ್ಟಿದ ಮೆಟ್ಟಿಲು.

ಊರಿನ ಅಡಿಯಲ್ಲಿ ಎಟ್ರಸ್ಕನ್ನರ ಕಾಲದಿಂದ ಕೊರೆದ ಸಾವಿರದ ಇನ್ನೂರಕ್ಕೂ ಹೆಚ್ಚು ಗವಿಗಳಿವೆ. ನಮಗೆ ಕೆಲವನ್ನಷ್ಟೇ ನೋಡಲು ಸಮಯವಿತ್ತು. ಗೋಡೆಯ ತುಂಬ ಗೂಡುಗಳಿದ್ದ ಗವಿಯೊಂದು ಪಾರಿವಾಳ ಸಾಕಣೆಯ ಕೋಣೆ. ಹಕ್ಕಿಗಳು ಬಂಡೆಯ ಮುಖದಲ್ಲಿದ್ದ ಕಿಂಡಿಯಿಂದ ಹಾರಿ, ಬಯಲಿನಲ್ಲಿ ಮೇಯ್ದು, ಮರಳುತ್ತಿದ್ದವು. ಮುತ್ತಿಗೆಯ ದಿನಗಳಲ್ಲೂ ಊಟಕ್ಕೆ ತೊಂದರೆಯಿರಲಿಲ್ಲ.

ರಾತ್ರಿ ಹಡಗಿನಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಮಂಗಳೂರಿನ ಕಡೆಯವನು. ನಾವು ಕನ್ನಡದಲ್ಲಿ ಆಡಿಕೊಳ್ಳುತ್ತಿದ್ದುದನ್ನು ಕೇಳಿ ಹತ್ತಿರ ಬಂದ.

“ಎಂತ ನೋಡಿದ್ರಿ ಅಕ್ಕ ಇವತ್ತು?”

ಹೇಳಿದೆ. ನಿಂತೇ ಕೇಳಿದ. ಈ ಬಂದರಿಗೆ ಎಷ್ಟೋ ಸಲ ಬಂದಿದ್ದರೂ ಅವನು ಗೇಟಿನಾಚೆಯ ಕಾಫಿ ಅಂಗಡಿ ದಾಟಿರಲಿಲ್ಲ.

“ನಮಗೆ ಅಷ್ಟು ಹೊತ್ತು ಬಿಡುವುದಿಲ್ಲ ಅಕ್ಕ. ಹೆಚ್ಚೆಂದರೆ ನಾಲ್ಕು ಗಂಟೆ. ಅದರಲ್ಲಿ ಯಾವುದಾದ್ರೂ ಬೆಟ್ಟದ ಊರಿಗೆ ಹೋಗಿ ಬರ್ಲಿಕ್ಕೆ ಆಗ್ತದಾ?”

ಆಗುತ್ತದೆ ಎಂದೆ. ತಾರ್ಕ್ವೀನಿಯಾ ಇದೆಯಲ್ಲ, ಬಂದರಿನಿಂದ ರೈಲಿನಲ್ಲಿ ಕಾಲು ಗಂಟೆ ಚಿಲ್ಲರೆ. ಸ್ಟೇಷನ್ ಕೆಳಗೆ, ಊರು ಗುಡ್ಡದ ಮೇಲೆ, ಬಸ್ಸಿದೆ. ಅಲ್ಲಿನ ಹಳೆಯ ಅರಮನೆಯ ಮ್ಯೂಸಿಯಮ್ಮಿನಲ್ಲಿ ಸುಟ್ಟ ಮಣ್ಣಿನ ಎರಡು ರೆಕ್ಕೆಕುದುರೆಗಳಿವೆ, ಕ್ರಿಸ್ತಪೂರ್ವ ನಾಲ್ಕನೇ ಶತಮಾನದವು, ಮೊದಲು ಅವನ್ನು ನೋಡು. ಹೊತ್ತು ಉಳಿದರೆ ಊರಾಚೆಯ ಎಟ್ರಸ್ಕನ್ ಸಮಾಧಿಗಳಿಗೆ ಇಳಿ. ಗೋಡೆಯ ಮೇಲೆ ಕುಣಿಯುವವರು, ಕೊಳಲು ಊದುವವರು, ಮೀನು ಹಿಡಿಯುವವರು ಇದ್ದಾರೆ. ಸೋಮವಾರ ಮಾತ್ರ ಹೋಗಬೇಡ, ಮುಚ್ಚಿರುತ್ತದೆ.

ಅವನು ಜೇಬಿನಿಂದ ಆರ್ಡರ್ ಬರೆಯುವ ಪುಸ್ತಕ ತೆಗೆದು ಊರಿನ ಹೆಸರು ಬರೆದುಕೊಂಡ. “ಮುಂದಿನ ಸಲ ನಾವು ಇಲ್ಲಿಗೆ ಬರುವುದು ಗುರುವಾರ ಅಕ್ಕ,” ಎಂದ.